ಪೋಸ್ಟ್ ಹಾಕುವ ಮೊದಲು ಒಂದು ಹಾಳೆ

ಸಂಸ್ಥೆಗೆ ಪ್ರಚಾರ ಬೇಕು ಎಂಬ ಮಾತು ಬಂದ ಕೂಡಲೇ ಮೊದಲು ಇನ್‌ಸ್ಟಾಗ್ರಾಂ ಖಾತೆ ತೆರೆಯುತ್ತಾರೆ, ಆಮೇಲೆ ಪೋಸ್ಟರ್ ಮಾಡುವ ಆ್ಯಪ್ ಇಳಿಸಿಕೊಳ್ಳುತ್ತಾರೆ. ಮೂರು ವಾರ ದಿನಕ್ಕೊಂದು ಪೋಸ್ಟ್ ಬರುತ್ತದೆ. ನಾಲ್ಕನೇ ವಾರದ ಹೊತ್ತಿಗೆ ಶುಭಾಶಯದ ಚಿತ್ರಗಳಷ್ಟೇ ಉಳಿಯುತ್ತವೆ, ಆಮೇಲೆ ಪುಟ ತಣ್ಣಗಾಗುತ್ತದೆ. ಇದಕ್ಕೆ ಸೋಮಾರಿತನ ಕಾರಣ ಎಂದು ನನಗೆ ಅನಿಸುವುದಿಲ್ಲ. ನಮ್ಮ ಬಳಿ ಹೇಳಲು ಏನಿದೆ ಎಂಬುದನ್ನು ಯಾರೂ ಕೂತು ಬರೆದಿಟ್ಟಿರುವುದಿಲ್ಲ.

ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಒಂದು ಮಾಹಿತಿ ಹಾಳೆಯಿಂದ. ಎ4 ಅಳತೆಯ ಒಂದೇ ಪುಟ. ಸಂಸ್ಥೆಯ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು, ಇಂಗ್ಲಿಷ್‌ನಲ್ಲಿ ಹೇಗೆ, ಶುರುವಾದ ವರ್ಷ, ಮಾಡುವ ಕೆಲಸ ಎರಡೇ ವಾಕ್ಯದಲ್ಲಿ, ಕಳೆದ ವರ್ಷ ಎಷ್ಟು ಜನರಿಗೆ ಉಪಯೋಗವಾಯಿತು, ದುಡ್ಡು ಎಲ್ಲಿಂದ ಬರುತ್ತದೆ, ಸಂಸ್ಥೆಯ ಪರವಾಗಿ ಮಾತಾಡುವವರು ಯಾರು, ಅವರ ಫೋನ್ ನಂಬರ್ ಏನು. ಪ್ರತಿ ಅಂಕಿಯ ಪಕ್ಕದಲ್ಲಿ ಅದನ್ನು ಯಾವ ದಾಖಲೆಯಿಂದ ತೆಗೆದದ್ದು, ಯಾವ ದಿನಾಂಕದವರೆಗಿನದು ಎಂದು ಬರೆದಿರಬೇಕು. ವೆಬ್‌ಸೈಟಿನಲ್ಲಿ 400 ಸದಸ್ಯರು, ಪ್ರಕಟಣೆಯಲ್ಲಿ 500, ಫೇಸ್‌ಬುಕ್‌ನಲ್ಲಿ "ಸಾವಿರಾರು" ಎಂದಿದ್ದರೆ ವರದಿಗಾರರು ಆ ಮೂರನ್ನೂ ನಂಬುವುದಿಲ್ಲ. ಮುಂದೆ ಬರೆಯುವ ಪ್ರಕಟಣೆ, ಪೋಸ್ಟ್, ವಿಡಿಯೊ, ಕೊನೆಗೆ ಟೀಕೆಗೆ ಕೊಡುವ ಉತ್ತರವೂ ಈ ಹಾಳೆಯಿಂದಲೇ ಹುಟ್ಟಬೇಕು.

ಹಾಳೆ ಆದ ಮೇಲೆ, ಖಾತೆಗಳ ಬೀಗದ ಕೈ ಯಾರ ಹತ್ತಿರ ಇದೆ ನೋಡಿ. ಫೇಸ್‌ಬುಕ್ ಪುಟವನ್ನು ನಡೆಸುವುದು ಯಾರದೋ ವೈಯಕ್ತಿಕ ಖಾತೆಯ ಮೂಲಕ. ಪುಟ ತೆರೆದ ಸ್ವಯಂಸೇವಕರು ಸಂಸ್ಥೆ ಬಿಟ್ಟರೆ, ಇಲ್ಲವೇ ಅವರ ಖಾತೆ ಹ್ಯಾಕ್ ಆದರೆ, ಪುಟ ಅನಾಥವಾಗುತ್ತದೆ. ಪೂರ್ಣ ನಿಯಂತ್ರಣ ಕನಿಷ್ಠ ಇಬ್ಬರಿಗೆ ಇರಲಿ. ಉಳಿದವರಿಗೆ ಪೋಸ್ಟ್ ಹಾಕುವಷ್ಟು ಅನುಮತಿ ಸಾಕು. ಬೇರೆ ಖಾತೆಗಳನ್ನು ಸಂಸ್ಥೆಯದೇ ಇಮೇಲ್ ವಿಳಾಸದಿಂದ ತೆರೆಯಿರಿ. ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ) ಹಾಕಿ, ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದು ಕಚೇರಿಯ ಬೀರುವಿನಲ್ಲಿಡಿ. ಒಟಿಪಿ ಬರುವ ಫೋನು ರಜೆಯ ಮೇಲೆ ಹೋಗಿರುವಾಗಲೇ ತುರ್ತು ಬರುವುದು.

ಇನ್ನು ಪತ್ರಿಕಾ ಪ್ರಕಟಣೆ. ಇದು ಹಳೆಯ ಕಾಲದ್ದು ಎಂದು ಬದಿಗಿಡುವವರಿದ್ದಾರೆ, ನಾನು ಒಪ್ಪುವುದಿಲ್ಲ. 1906ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಬಳಿ ಪೆನ್ಸಿಲ್ವೇನಿಯಾ ರೈಲ್ವೆಯ ರೈಲು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಮಂದಿ ಸತ್ತರು. ಸುದ್ದಿಯನ್ನು ಮುಚ್ಚಿಡುವುದೇ ವಾಡಿಕೆಯಾಗಿದ್ದ ಕಾಲ ಅದು. ರೈಲ್ವೆಗೆ ಪ್ರಚಾರದ ಕೆಲಸ ಮಾಡುತ್ತಿದ್ದ ಐವಿ ಲೀ ನಡೆದದ್ದನ್ನು ಬರೆದು ಪತ್ರಿಕೆಗಳಿಗೆ ಕೊಟ್ಟರು, ವರದಿಗಾರರು ಸ್ಥಳಕ್ಕೆ ಹೋಗಿ ನೋಡುವುದಕ್ಕೂ ವ್ಯವಸ್ಥೆ ಮಾಡಿದರು. ಮೊದಲ ಪತ್ರಿಕಾ ಪ್ರಕಟಣೆ ಎಂದು ಸಾಮಾನ್ಯವಾಗಿ ಹೇಳುವುದು ಅದನ್ನೇ. ಗಾಳಿಸುದ್ದಿ ಹಬ್ಬುವ ಮೊದಲು ಸರಿಯಾದ ಸಂಗತಿಯನ್ನು ಬರೆದು ಕೈಗೆ ಕೊಡುವುದು ಇವತ್ತಿಗೂ ಅಷ್ಟೇ ಬೇಕಾದ ಕೆಲಸ.

ಪ್ರಕಟಣೆ 300ರಿಂದ 400 ಪದ, ಒಂದು ಪುಟ. ಮೇಲೆ ದಿನಾಂಕ, ಊರು, ಶೀರ್ಷಿಕೆ. ಮೊದಲ ಪ್ಯಾರಾದಲ್ಲಿ ಯಾರು, ಏನು, ಎಲ್ಲಿ, ಯಾವಾಗ, ಓದುಗರಿಗೆ ಅದರಿಂದ ಏನು ಎಂಬುದೆಲ್ಲ ಮುಗಿದಿರಬೇಕು. ಸುದ್ದಿಮನೆಯಲ್ಲಿ ಜಾಗ ಸಾಲದಾಗ ಕತ್ತರಿ ಬೀಳುವುದು ಕೆಳಗಿನಿಂದ. ಮುಖ್ಯ ವಿಷಯ ಮೂರನೇ ಪ್ಯಾರಾದಲ್ಲಿದ್ದರೆ ಅದು ಹೋಯಿತೆಂದೇ ಲೆಕ್ಕ. ನಮೂನೆಗೆಂದು ಎರಡು ಆರಂಭಗಳನ್ನು ಇಲ್ಲಿ ಬರೆದಿದ್ದೇನೆ.

"ನಮ್ಮ ಹೆಮ್ಮೆಯ ಸಂಸ್ಥೆಯ ವತಿಯಿಂದ ಹಮ್ಮಿಕೊಳ್ಳಲಾಗಿದ್ದ ಬೃಹತ್ ಉಚಿತ ನೇತ್ರ ತಪಾಸಣಾ ಶಿಬಿರವು ಅನೇಕ ಗಣ್ಯರ ಸಮ್ಮುಖದಲ್ಲಿ ಉದ್ಘಾಟನೆಗೊಂಡು ಅತ್ಯಂತ ಯಶಸ್ವಿಯಾಗಿ ಜರುಗಿತು."

"ಭಾನುವಾರ ನಡೆದ ಉಚಿತ ನೇತ್ರ ತಪಾಸಣೆಯಲ್ಲಿ 212 ಮಂದಿ ಕಣ್ಣು ಪರೀಕ್ಷೆ ಮಾಡಿಸಿಕೊಂಡರು. 31 ಮಂದಿಗೆ ಪೊರೆ ಇರುವುದು ಗೊತ್ತಾಗಿದ್ದು, ಮುಂದಿನ ತಿಂಗಳು ಅವರಿಗೆ ಉಚಿತ ಶಸ್ತ್ರಚಿಕಿತ್ಸೆ ನಡೆಯಲಿದೆ."

ಮೊದಲನೆಯದರಲ್ಲಿ ಹೆಮ್ಮೆಯ, ಬೃಹತ್, ಅತ್ಯಂತ ಯಶಸ್ವಿ ಎಂಬ ಪದಗಳನ್ನು ತೆಗೆದುಹಾಕಿದರೆ ಶಿಬಿರ ನಡೆಯಿತು ಎಂಬಷ್ಟೇ ಉಳಿಯುತ್ತದೆ. ಎರಡನೆಯದನ್ನು ಉಪಸಂಪಾದಕರು ಒಂದಕ್ಷರ ತಿದ್ದದೆ ಪುಟಕ್ಕೆ ಹಾಕಬಹುದು. 31 ಮಂದಿ ಎಂಬ ಅಂಕಿಯಿಂದ ಮುಂದಿನ ತಿಂಗಳು ಇನ್ನೊಂದು ಸುದ್ದಿಯೂ ಆಗುತ್ತದೆ. ಗಣ್ಯರ ಹೆಸರು ಬೇಕೇ ಬೇಕೆಂದರೆ ಕೊನೆಯ ಪ್ಯಾರಾದಲ್ಲಿ ಬರಲಿ. ಮಧ್ಯದಲ್ಲಿ ಒಬ್ಬರ ಹೇಳಿಕೆ ಇರಲಿ, ಬಾಯಲ್ಲಿ ಆಡುವ ಮಾತಿನಂತೆ ಇರಲಿ. ಸಂಸ್ಥೆಯ ಎರಡು ಸಾಲಿನ ಪರಿಚಯ, ಸಂಪರ್ಕದ ಹೆಸರು ಮತ್ತು ನಂಬರ್ ಕೆಳಗೆ.

ಕಳಿಸುವ ರೀತಿಯಲ್ಲೂ ಎಡವುತ್ತಾರೆ. ಪಿಡಿಎಫ್ ಮಾತ್ರ ಲಗತ್ತಿಸಿದರೆ ಅದರಿಂದ ಕನ್ನಡ ಪಠ್ಯವನ್ನು ನಕಲು ಮಾಡಿದಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುವುದು ಮಾಮೂಲು. ಮತ್ತೆ ಟೈಪ್ ಮಾಡಿಕೊಳ್ಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಪೂರ್ತಿ ಪಠ್ಯವನ್ನು ಯಾವ ಸಾಧನದಲ್ಲೂ ಸರಿಯಾಗಿ ಮೂಡುವ ಯೂನಿಕೋಡ್‌ನಲ್ಲಿ ಇಮೇಲ್‌ನ ಒಳಗೇ ಹಾಕಿ. ವಿಷಯದ ಸಾಲಿನಲ್ಲಿ "ಪತ್ರಿಕಾ ಪ್ರಕಟಣೆ" ಎಂದಷ್ಟೇ ಬರೆಯದೆ ಸುದ್ದಿಯನ್ನೇ ಬರೆಯಿರಿ. ನಲವತ್ತು ವರದಿಗಾರರ ವಿಳಾಸವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಬಿಸಿಸಿ ಬಳಸಿ, ಆ ವಿಷಯವನ್ನು ನಿಜವಾಗಿ ಬರೆಯುವ ನಾಲ್ಕೈದು ಮಂದಿಗೆ ಹೆಸರು ಹಿಡಿದು ಬೇರೆಯಾಗಿ ಕಳಿಸಿ. ದಿನಪತ್ರಿಕೆಗಾದರೆ ಮಧ್ಯಾಹ್ನದೊಳಗೆ ತಲುಪಿಸುವುದು ಒಳ್ಳೆಯದು. ನಿಗದಿತ ಸಮಯದವರೆಗೆ ಪ್ರಕಟಿಸಬೇಡಿ ಎನ್ನುವ ಎಂಬಾರ್ಗೊ ಬೇಕಿದ್ದರೆ ಮೊದಲು ಕೇಳಿ ಒಪ್ಪಿಗೆ ಪಡೆಯಿರಿ. ಒಪ್ಪದವರಿಗೆ ಕಳಿಸಿಬಿಟ್ಟು ಮೇಲೆ ಷರತ್ತು ಬರೆದರೆ ಅವರು ಅದನ್ನು ಪಾಲಿಸಬೇಕಾಗಿಲ್ಲ. ಇನ್ನೂ ಒಂದು ಮಾತು: ಪ್ರಕಟಣೆ ಕಳಿಸಿದ ಮೇಲಿನ ನಾಲ್ಕು ಗಂಟೆ, ಅದರಲ್ಲಿ ಹೆಸರಿರುವವರು ಫೋನ್ ಎತ್ತಬೇಕು. ಚೆನ್ನಾಗಿ ಬರೆದ ಎಷ್ಟೋ ಪ್ರಕಟಣೆಗಳು ಸಾಯುವುದು "ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ" ಎಂಬಲ್ಲೇ.

ಫೋಟೊ ಎರಡು ಮೂರು ಸಾಕು. ಬ್ಯಾನರ್ ಹಿಡಿದು ಸಾಲಾಗಿ ನಿಂತ ಹದಿನೈದು ಮಂದಿಯ ಚಿತ್ರದಲ್ಲಿ ಮುಖಗಳೂ ಕಾಣುವುದಿಲ್ಲ, ಕೆಲಸವೂ ಕಾಣುವುದಿಲ್ಲ. ಒಬ್ಬರು ಏನಾದರೂ ಮಾಡುತ್ತಿರುವ ಚಿತ್ರ ಹತ್ತಿರದಿಂದ ತೆಗೆಯಿರಿ. 15 ಸೆಂಟಿಮೀಟರ್ ಅಗಲಕ್ಕೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಮುದ್ರಿಸಲು ಸುಮಾರು 1,770 ಪಿಕ್ಸೆಲ್ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿಯೇ ಕಳಿಸಿದರೆ ಅದು ಕುಗ್ಗುತ್ತದೆ; ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಮೂಲದ ಗುಣಮಟ್ಟ ಉಳಿಯುತ್ತದೆ. ಎಡದಿಂದ ಬಲಕ್ಕೆ ಹೆಸರುಗಳನ್ನು ಬರೆಯಿರಿ. ಮಕ್ಕಳಿದ್ದರೆ ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಚಿತ್ರ ಹೊರಗೆ ಹೋಗಬಾರದು. ರೋಗಿಗಳು ಮತ್ತು ನೆರವು ಪಡೆದವರ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ಅವರ ಸಂಕಷ್ಟದ ಮುಖ ನಮ್ಮ ಪ್ರಚಾರದ ಸರಕಲ್ಲ.

ಸಾಮಾಜಿಕ ಜಾಲತಾಣಕ್ಕೆ ಇದೇ ಬಟ್ಟೆಯನ್ನು ಬೇರೆ ಅಳತೆಗೆ ಕತ್ತರಿಸಬೇಕು. ಒಂದೇ ಪೋಸ್ಟನ್ನು ಎಲ್ಲ ಕಡೆ ಅಂಟಿಸಿದರೆ ಎಲ್ಲೋ ಒಂದು ಕಡೆ ಕೆಡುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಪೋಸ್ಟಿನ ಕೆಳಗಿನ ಬರಹದಲ್ಲಿ ಹಾಕಿದ ಲಿಂಕ್ ಒತ್ತಲು ಬರುವುದಿಲ್ಲ, ಅದನ್ನು ಪ್ರೊಫೈಲ್‌ನಲ್ಲೋ ಸ್ಟೋರಿಯಲ್ಲೋ ಕೊಡಬೇಕು. ಬರಹಕ್ಕೆ 2,200 ಅಕ್ಷರಗಳ ಮಿತಿ ಇದ್ದರೂ ಫೀಡಿನಲ್ಲಿ ಮೊದಲೆರಡು ಸಾಲಷ್ಟೇ ಕಾಣುತ್ತವೆ, ವಿಷಯ ಅಲ್ಲೇ ಬರಬೇಕು. ಚಿತ್ರ 1080 × 1350 ಪಿಕ್ಸೆಲ್, ರೀಲ್ಸ್ 1080 × 1920. ರೀಲ್ಸ್‌ನ ಕೆಳಭಾಗದಲ್ಲಿ ಬಟನ್‌ಗಳೂ ಖಾತೆಯ ಹೆಸರೂ ಬಂದು ಕೂರುವುದರಿಂದ ಬರಹವನ್ನು ನಡುವಿಗೆ ತನ್ನಿ. ಧ್ವನಿ ಇಲ್ಲದೆ ನೋಡುವವರಿಗಾಗಿ ಉಪಶೀರ್ಷಿಕೆ ಹಾಕಿ.

ಎಕ್ಸ್‌ನ (ಹಿಂದಿನ ಟ್ವಿಟರ್) ಉಚಿತ ಖಾತೆಯಲ್ಲಿ ಒಂದು ಪೋಸ್ಟಿಗೆ 280 ಚಿಹ್ನೆಗಳ ಮಿತಿ. ಕನ್ನಡದಲ್ಲಿ ಬರೆಯುವವರು ಇಲ್ಲಿ ಲೆಕ್ಕ ತಪ್ಪುತ್ತಾರೆ. "ಸ್ತ್ರೀ" ನಮ್ಮ ಕಣ್ಣಿಗೆ ಒಂದೇ ಅಕ್ಷರ, ಆದರೆ ಸ, ಹಲಂತ, ತ, ಹಲಂತ, ರ, ಈಕಾರ ಎಂದು ಅದು ಆರಾಗುತ್ತದೆ. ಲಿಂಕ್ ಎಷ್ಟೇ ಉದ್ದವಿದ್ದರೂ 23 ಎಂದೇ ಎಣಿಕೆ. ಹಾಗಾಗಿ ಲಿಂಕ್ ಇರುವ ಕನ್ನಡ ಪೋಸ್ಟ್ ಮೂವತ್ತು ಪದದೊಳಗೆ ಮುಗಿಯುವಂತೆ ಬರೆದರೆ ಒಳ್ಳೆಯದು.

ಕಾರ್ಯಕ್ರಮದ ದಿನ, ಸಮಯ, ಸ್ಥಳವನ್ನು ಪೋಸ್ಟರ್ ಚಿತ್ರದೊಳಗೆ ಮಾತ್ರ ಬರೆದು ಕೈತೊಳೆದುಕೊಳ್ಳುವುದು ನನಗೆ ಬಹಳ ನೋವು ಕೊಡುವ ತಪ್ಪು. ಪರದೆ ಓದುವ ತಂತ್ರಾಂಶ ಬಳಸುವ ದೃಷ್ಟಿ ಇಲ್ಲದವರಿಗೆ ಅದು ದಕ್ಕುವುದೇ ಇಲ್ಲ. ಯಾರೂ ನಕಲು ಮಾಡಿಕೊಳ್ಳಲಾರರು, ಹುಡುಕಿದರೂ ಸಿಗುವುದು ಕಷ್ಟ. ಅದೇ ಮಾಹಿತಿ ಪಠ್ಯವಾಗಿಯೂ ಇರಬೇಕು, ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್ (ಚಿತ್ರದಲ್ಲಿರುವುದನ್ನು ವಿವರಿಸುವ ಬರಹ) ಬರೆಯಬೇಕು.

ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ (ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಸೌಲಭ್ಯ) 256 ಮಂದಿಯನ್ನು ಸೇರಿಸಬಹುದು, ಆದರೆ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. "ಕಳಿಸಿದೆವು, ಯಾರೂ ಬರಲಿಲ್ಲ" ಎಂಬುದಕ್ಕೆ ಎಷ್ಟೋ ಸಲ ಕಾರಣ ಇದು. ನೋಂದಣಿ ಮೇಜಿನಲ್ಲೇ ನಂಬರ್ ಉಳಿಸಿಕೊಳ್ಳಲು ಕೇಳಿಕೊಳ್ಳಿ. ಯಾರನ್ನೂ ಕೇಳದೆ ಗುಂಪಿಗೆ ಸೇರಿಸಬೇಡಿ. ವೆಬ್‌ಸೈಟಿನ ಲಿಂಕ್ ಹಂಚಿದಾಗ ಮೂಡುವ ಚಿತ್ರಕ್ಕೆ 1200 × 630 ಪಿಕ್ಸೆಲ್ ಸರಿಹೋಗುತ್ತದೆ. ಚಿತ್ರ ಬದಲಿಸಿದರೂ ಫೇಸ್‌ಬುಕ್‌ನಲ್ಲಿ ಹಳೆಯದೇ ಬರುತ್ತಿದ್ದರೆ ಅದು ತಾನು ಮೊದಲು ತೆಗೆದಿಟ್ಟುಕೊಂಡ ಪ್ರತಿಯನ್ನೇ ತೋರಿಸುತ್ತಿದೆ ಎಂದರ್ಥ. ಫೇಸ್‌ಬುಕ್‌ನದೇ ಸಾಧನವಾದ ಶೇರಿಂಗ್ ಡಿಬಗ್ಗರ್‌ನಲ್ಲಿ ಲಿಂಕ್ ಹಾಕಿ ಮತ್ತೆ ಓದಿಸಬೇಕು.

ವಾರಕ್ಕೆ ಎರಡು ಪೋಸ್ಟ್, ದಿನಕ್ಕೆ ಅರ್ಧ ಗಂಟೆ ಪ್ರತಿಕ್ರಿಯೆಗಳಿಗೆ ಉತ್ತರ. ಇಷ್ಟನ್ನು ವರ್ಷವಿಡೀ ಮಾಡುವ ಸಂಸ್ಥೆ ದಿನಕ್ಕೆ ಮೂರು ಹಾಕಿ ಸುಸ್ತಾಗುವುದಕ್ಕಿಂತ ಮುಂದೆ ಹೋಗುತ್ತದೆ.

ಫಲ ಸಿಕ್ಕಿತೇ ಎಂದು ಅಳೆಯುವಾಗ ಫಾಲೋವರ್‌ಗಳ ಸಂಖ್ಯೆಯನ್ನು ಪಕ್ಕಕ್ಕಿಡಿ. ನಮಗೆ ಬೇಕಿದ್ದದ್ದು ಏನು? ನೋಂದಣಿಯೇ, ದೇಣಿಗೆಯೇ, ಸ್ವಯಂಸೇವಕರೇ? ಅದನ್ನೇ ಎಣಿಸಿ. ಹಂಚುವ ಲಿಂಕ್‌ಗಳಿಗೆ ಯುಟಿಎಂ ಗುರುತು (ಲಿಂಕಿನ ಕೊನೆಗೆ ಹಾಕುವ, ಮೂಲ ಹೇಳುವ ಪದಗಳು) ಸೇರಿಸಿದರೆ ಯಾರು ಎಲ್ಲಿಂದ ಬಂದರು ಎಂಬುದು ವೆಬ್‌ಸೈಟಿನ ಭೇಟಿಗಳ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನಲ್ಲಿ ಕಾಣುತ್ತದೆ. ಆ ಗುರುತಿನಲ್ಲಿ ಇಂಗ್ಲಿಷಿನ ಸಣ್ಣಕ್ಷರ ದೊಡ್ಡಕ್ಷರ ಬೆರೆಸಿದರೆ ಒಂದೇ ಮೂಲ ಎರಡಾಗಿ ಒಡೆಯುತ್ತದೆ, ಎಲ್ಲವನ್ನೂ ಸಣ್ಣಕ್ಷರದಲ್ಲೇ ಬರೆಯಿರಿ. ಪತ್ರಿಕೆಯಲ್ಲಿ ಬಂದ ಸುದ್ದಿಯ ಅಗಲ ಉದ್ದ ಅಳೆದು "ಜಾಹೀರಾತಾದರೆ ಇಷ್ಟು ದುಡ್ಡಾಗುತ್ತಿತ್ತು" ಎಂದು ಲೆಕ್ಕ ತೋರಿಸುವ ಹಳೆಯ ಪದ್ಧತಿಯನ್ನು 2010ರಲ್ಲಿ ಪ್ರಚಾರದ ಫಲ ಅಳೆಯಲು ಒಪ್ಪಿಕೊಂಡ ಬಾರ್ಸಿಲೋನಾ ತತ್ವಗಳಲ್ಲಿ ಸಾರ್ವಜನಿಕ ಸಂಪರ್ಕ ವೃತ್ತಿಯವರೇ ತಳ್ಳಿಹಾಕಿದ್ದಾರೆ. ಆದರೂ ವಾರ್ಷಿಕ ವರದಿಗಳಲ್ಲಿ ಅದು ಇನ್ನೂ ಇಣುಕುತ್ತದೆ.

ಎಡವಟ್ಟಾದಾಗ ಮೊದಲ ಗಂಟೆಯಲ್ಲೇ ಒಂದು ಸಣ್ಣ ಹೇಳಿಕೆ ಹೊರಬೀಳಬೇಕು. ಏನಾಗಿದೆ ಎಂದು ನಮಗೆ ಗೊತ್ತಿರುವಷ್ಟು, ತೊಂದರೆಗೊಳಗಾದವರಿಗೆ ಈಗ ಏನು ಮಾಡುತ್ತಿದ್ದೇವೆ, ಮುಂದಿನ ಮಾಹಿತಿ ಎಷ್ಟು ಗಂಟೆಗೆ. ನಾಲ್ಕು ಸಾಲು ಸಾಕು, ಊಹೆ ಬೇಡ. ಹೇಳಿದ ಗಂಟೆಗೆ ಹೊಸದೇನೂ ಇಲ್ಲದಿದ್ದರೂ "ಹೊಸದೇನೂ ಇಲ್ಲ" ಎಂದಾದರೂ ಹೇಳಿ. ಆ ದಿನಕ್ಕೆಂದು ಮೊದಲೇ ಶೆಡ್ಯೂಲ್ ಮಾಡಿಟ್ಟಿದ್ದ ಸಂಭ್ರಮದ ಪೋಸ್ಟ್‌ಗಳನ್ನು ಕೂಡಲೇ ನಿಲ್ಲಿಸಿ. ಗಡಿಬಿಡಿಯಲ್ಲಿ ಮರೆಯುವುದು ಇದನ್ನೇ.

ಟೀಕೆಯನ್ನು ಅಳಿಸಬೇಡಿ. ಬೈಗುಳ, ಖಾಸಗಿ ಮಾಹಿತಿ ಇದ್ದರೆ ಮರೆಮಾಡಬಹುದು, ಅದಕ್ಕೆ ನಿಯಮವನ್ನು ಪುಟದಲ್ಲೇ ಬರೆದಿಡಿ. ಅಳಿಸಿದ್ದರ ಸ್ಕ್ರೀನ್‌ಶಾಟ್ ಮೂಲಕ್ಕಿಂತ ದೂರ ಹೋಗುತ್ತದೆ. 2003ರಲ್ಲಿ ಗಾಯಕಿ ಬಾರ್ಬ್ರಾ ಸ್ಟ್ರೈಸಂಡ್ ತಮ್ಮ ಮನೆ ಕಾಣುವ ಕಡಲತೀರದ ಚಿತ್ರವೊಂದನ್ನು ತೆಗೆಸಲು ಮೊಕದ್ದಮೆ ಹೂಡಿದರು. ಅದಕ್ಕೆ ಮೊದಲು ಆ ಚಿತ್ರ ಡೌನ್‌ಲೋಡ್ ಆಗಿದ್ದದ್ದು ಆರೇ ಸಲ, ಅದರಲ್ಲಿ ಎರಡು ಅವರ ವಕೀಲರದೇ. ಮೊಕದ್ದಮೆಯ ಸುದ್ದಿ ಹಬ್ಬಿದ ತಿಂಗಳಲ್ಲಿ ಆ ಚಿತ್ರವಿದ್ದ ತಾಣಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಭೇಟಿಗಳಾದವು.

ಪತ್ರಿಕೆಯಲ್ಲಿ ನಮ್ಮ ಬಗ್ಗೆ ತಪ್ಪು ಬಂದರೆ ಮೊದಲ ಕರೆ ವರದಿಗಾರರಿಗೆ, ಸಂಪಾದಕರಿಗಲ್ಲ. ಇಡೀ ಸುದ್ದಿ ಸರಿಯಿಲ್ಲ ಎಂದು ಹರಿಹಾಯದೆ, ಯಾವ ವಾಕ್ಯ, ಅದರಲ್ಲಿ ಯಾವ ಅಂಕಿ ತಪ್ಪು, ಸರಿಯಾದದ್ದು ಯಾವ ದಾಖಲೆಯಲ್ಲಿದೆ ಎಂದು ಹೇಳಿ, ಅದೇ ಹೊತ್ತಿಗೆ ಬರಹದಲ್ಲೂ ಕಳಿಸಿ. ಆನ್‌ಲೈನ್ ಆವೃತ್ತಿಯನ್ನು ಅಂದೇ ತಿದ್ದಲು ಕೇಳಿಕೊಳ್ಳಿ, ಮುದ್ರಣದಲ್ಲಿ ತಿದ್ದುಪಡಿ ಆಮೇಲೆ. ಕೇಳುವ ಮುಂಚೆ ನಮ್ಮ ಪ್ರಕಟಣೆಯನ್ನೂ ಮಾಹಿತಿ ಹಾಳೆಯನ್ನೂ ಒಮ್ಮೆ ತೆರೆದು ನೋಡಿ. ತಪ್ಪು ಅಲ್ಲಿಂದಲೇ ಹೊರಟಿದ್ದರೆ ಅದನ್ನು ಹೇಳಿಬಿಡಿ, ಹಾಳೆ ತಿದ್ದಿ ಹೊಸ ದಿನಾಂಕ ಹಾಕಿ, ಹಳೆಯ ಪ್ರತಿ ಇರುವ ಪ್ರತಿಯೊಬ್ಬರಿಗೂ ಹೊಸದನ್ನು ಅವತ್ತೇ ಕಳಿಸಿ.