ಅಮ್ಮನ ಕೋಣೆಗೆ ಯಾವ ಬಿಳಿ?

ಶನಿವಾರ

ಗೋಡೆಗೆ ಮೆತ್ತಿದ್ದ ಪುಟ್ಟಿ ಒಣಗಿತು. ಉಪ್ಪುಕಾಗದ ಹಾಕಿ ಉಜ್ಜಿ ಒಂದು ಕೋಟ್ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ಅಚ್ಚ ಬಿಳಿ ಲೇಪ, ಮುಗಿಸಿದೆ. ಮೂಗಿನ ತುಂಬಾ ಬಿಳಿ ಪುಡಿ. ಶೇಡ್ ಕಾರ್ಡ್ ತಿರುವಿ ತಿರುವಿ ಕೊನೆಗೆ ಎರಡು ಬಣ್ಣ ಉಳಿದಿವೆ: ಹಳದಿ ಛಾಯೆಯ ಬೆಣ್ಣೆ ಬಿಳಿ, ಮತ್ತೆ ಬೂದು ಬಿಳಿ.

"ಎರಡೂ ಬಿಳೀನೇ ಅಲ್ವಾ? ಸುಮ್ನೆ ಯಾಕೋ ತಲೆ ಕೆಡಿಸ್ಕೋತೀಯಾ?" ಅಂದರು ಅಮ್ಮ.

ಭಾನುವಾರ

ಎರಡರದ್ದೂ 200 ಎಂಎಲ್ ಡಬ್ಬಿ ತಂದೆ. ಹಾಲ್‌ಗೆ ಬಣ್ಣ ಹೊಡೆದಾಗ ಗೋಡೆಗೇ ಬಳಿದು ನೋಡಿದ್ದೆ, ಆಮೇಲೆ ಅದರ ಅಂಚು ಎದ್ದು ಕಾಣುತ್ತಿತ್ತು. ಹಾಗಾಗಿ ಈ ಸಲ ಚಾರ್ಟ್ ಪೇಪರ್‌ಗೆ ಎರಡೆರಡು ಕೋಟ್. ಹಸಿಯಿದ್ದಾಗ ತಿಳಿಯಾಗಿತ್ತು, ಒಣಗಿದ ಮೇಲೆ ಸ್ವಲ್ಪ ಗಾಢವಾಯಿತು. ಪ್ರೈಮರ್ ಗೋಡೆಗೆ ಅಂಟಿಸಿದರೆ ಎರಡೂ ಕೊಳೆಯಾದ ಪಂಚೆ ಥರ ಕಂಡವು! ತಪ್ಪು ಬಣ್ಣದ್ದಲ್ಲ, ಪಕ್ಕದ ಅಚ್ಚ ಬಿಳಿಯದ್ದು. ಹಾಳೆಗಳನ್ನು ಕಿತ್ತು ಮರದ ಬೀರುವಿನ ಮೇಲೆ ಅಂಟಿಸಿದೆ.

ಸೋಮವಾರ

ಕೋಣೆಗಿರುವುದು ಉತ್ತರದ ಕಿಟಕಿ ಒಂದೇ. ಈಗ ಡಿಸೆಂಬರ್, ನೇರ ಬಿಸಿಲು ಬರುವುದಿಲ್ಲ. ಆಕಾಶದ ತಣ್ಣನೆ ಬೆಳಕು ಮಾತ್ರ. ಅದರಲ್ಲಿ ಬೂದು ಬಿಳಿ, ಸುಣ್ಣಕ್ಕೆ ನೀಲಿ ಜಾಸ್ತಿ ಬಿದ್ದ ಹಾಗಾಯಿತು. ಬೆಣ್ಣೆಯಲ್ಲಿ ಹಳದಿಯೇ ಕಾಣಲಿಲ್ಲ, ಬರೀ ಬಿಳಿ. ಬೆಣ್ಣೆಯೇ ಸರಿ ಅಂದುಕೊಂಡೆ.

ರಾತ್ರಿ ಬಲ್ಬ್ ಹಾಕಿದೆ. 2700ಕೆ ಹಳದಿ ಬಲ್ಬ್ (ಕೆ ಅಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ; ಸಂಖ್ಯೆ ಕಡಿಮೆಯಾದಷ್ಟೂ ಹಳದಿ ಜಾಸ್ತಿ). ಅದೇ ಬೆಣ್ಣೆ ಈಗ ಅರಿಶಿನ ಕದಡಿದ ಹಾಲು! ಬೂದು ಬಿಳಿ ಮಾತ್ರ ಹದವಾಗಿ ಕಾಣುತ್ತಿತ್ತು. ಅಮ್ಮ ಕೋಣೆಯಲ್ಲಿ ಹೆಚ್ಚು ಕೂರುವುದೇ ರಾತ್ರಿ.

ಮಂಗಳವಾರ

ನೆಲದ ವಿಷಯ ಮರೆತೇಬಿಟ್ಟಿದ್ದೆ. ನಮ್ಮದು ಹಳೇ ರೆಡ್ ಆಕ್ಸೈಡ್ ನೆಲ, ಅಮ್ಮ ಒರೆಸಿ ಒರೆಸಿ ಕನ್ನಡಿ ಮಾಡಿದ್ದಾರೆ. ಬೆಳಗ್ಗೆ ಹಾಳೆಗಳನ್ನು ಕೆಳಗಿಳಿಸಿ ಗೋಡೆಗೆ ಒರಗಿಸಿದೆ. ಬೂದು ಹಾಳೆಯ ಕೆಳಗಿನ ಒಂದು ಗೇಣು ಗುಲಾಬಿ, ಮೇಲೆ ನೀಲಿ. ಒಂದೇ ಹಾಳೆಗೆ ಎರಡು ಬಣ್ಣ. ಬೆಣ್ಣೆ ಹಾಳೆಯಲ್ಲಿ ಆ ಕೆಂಪು ಕರಗಿ ಹೋಗಿತ್ತು, ಹುಡುಕಿದರೆ ಮಾತ್ರ ಸಿಗುತ್ತಿತ್ತು.

ನೆಲ ಬದಲಿಸೋಕಾಗಲ್ಲ, ಬಲ್ಬ್ ಬದಲಿಸಬಹುದು. ಸಂಜೆ 4000ಕೆ ಬಲ್ಬ್ ತಂದು ಹಾಕಿದೆ. ಅರಿಶಿನ ಹೋಯಿತು.

"ಈಗ ಹಾಲಿನ ಕೆನೆ ಥರ ಇದೆ ನೋಡು," ಅಂದರು ಎರಡೂ ಒಂದೇ ಅಂದಿದ್ದ ಅಮ್ಮ.

ಬೆಣ್ಣೆ ಬಿಳಿಗೆ ಆರು ಲೀಟರ್ ಹೇಳಿ ಬಂದಿದ್ದೇನೆ. ಶುಕ್ರವಾರ ಮೊದಲ ಕೋಟ್. ಬೂದು ಬಣ್ಣ ಅರ್ಧ ಡಬ್ಬಿ ಉಳಿದಿದೆ, ತುಳಸಿ ಕುಂಡಕ್ಕೆ ಹೊಡೆಯಲಾ ಅಂತ ಕೇಳಿದ್ದಕ್ಕೆ ಬೈಸಿಕೊಂಡೆ.