ಟೊಮೆಟೊ ಪೇಸ್ಟ್ ಲೆಕ್ಕದಲ್ಲಿ ಇಂಗಾಲದ ಬಾಬ್ತು

ಕೋಲಾರ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಬಂದರೂ ಟೊಮೆಟೊ ನಿನ್ನ ಬೆನ್ನು ಬಿಡಲಿಲ್ಲವಲ್ಲ ಅಂತ ಅಣ್ಣ ಆಡಿಕೊಳ್ತಾನೆ. ಊರಿನ ಎಪಿಎಂಸಿಯಲ್ಲಿ ಬಾಕ್ಸ್ ಲೆಕ್ಕದಲ್ಲಿ ಹರಾಜಾಗುವ ಹಣ್ಣಲ್ಲ ಇದು. ಸೆಂಟ್ರಲ್ ವ್ಯಾಲಿಯ ಒಂದು ಪೇಸ್ಟ್ ಕಾರ್ಖಾನೆಯ ಅಕೌಂಟ್ಸ್‌ನಲ್ಲಿ ನನ್ನ ಕೆಲಸ. ಜುಲೈ ಬಂತೆಂದರೆ ಅಕ್ಟೋಬರ್‌ವರೆಗೆ ಹಗಲೂ ರಾತ್ರಿ ಲಾರಿಗಳ ಸಾಲು. ಸುಮಾರು ಆರು ಟನ್ ಹಣ್ಣಿನ ನೀರು ಇಂಗಿಸಿದರೆ ಒಂದು ಟನ್ ಪೇಸ್ಟ್. ನೀರು ಇಂಗಿಸಲು ಹಬೆ ಬೇಕು, ಹಬೆಗೆ ಬಾಯ್ಲರ್, ಬಾಯ್ಲರಿಗೆ ನ್ಯಾಚುರಲ್ ಗ್ಯಾಸ್. ಇಂಗಾಲಕ್ಕೆ ಮಿತಿ ಹಾಕಿ ಪರ್ಮಿಟ್ ಮಾರುವ ಕ್ಯಾಲಿಫೋರ್ನಿಯಾದ ವ್ಯವಸ್ಥೆ, ಕ್ಯಾಪ್ ಅಂಡ್ ಟ್ರೇಡ್, ನನ್ನ ಮೇಜಿಗೆ ಬಂದದ್ದು ಹೀಗೆ.

ಆರ್ನಾಲ್ಡ್ ಶ್ವಾರ್ಜ್‌ನೆಗರ್ ಗವರ್ನರ್ ಆಗಿದ್ದಾಗ, 2006ರಲ್ಲಿ, ಎಬಿ 32 ಎಂಬ ಹವಾಮಾನ ಕಾನೂನು ಬಂತು. ಅದರಡಿ ಪರ್ಮಿಟ್ ವ್ಯಾಪಾರ ಶುರುವಾದದ್ದು 2013ಕ್ಕೆ. ರಾಜ್ಯದಲ್ಲಿ ಒಟ್ಟು ಎಷ್ಟು ಇಂಗಾಲ ಬಿಡಬಹುದೆಂದು ಸರ್ಕಾರ ಮಿತಿ ಹಾಕಿ, ವರ್ಷವರ್ಷ ಅದನ್ನು ಇಳಿಸುತ್ತದೆ. ಒಂದು ಟನ್ನಿಗೆ ಒಂದು ಪರ್ಮಿಟ್. ಕೆಲವು ಪುಕ್ಕಟೆ, ಉಳಿದವು ಮೂರು ತಿಂಗಳಿಗೊಮ್ಮೆ ಹರಾಜು. ವರ್ಷಕ್ಕೆ 25,000 ಟನ್ ದಾಟಿದ ಕಾರ್ಖಾನೆ ನೇರವಾಗಿ ಇದರೊಳಗೆ ಬರುತ್ತದೆ. ದಾಟದ ಸಣ್ಣವರು ಗ್ಯಾಸ್ ಬಿಲ್ಲಿನ ಮೂಲಕ ತೆರುತ್ತಾರೆ. ಟನ್ನಿಗೆ 30 ಡಾಲರ್ ಎಂದರೂ 25,000 ಟನ್ನಿಗೆ ಏಳೂವರೆ ಲಕ್ಷ ಡಾಲರ್. ಪುಕ್ಕಟೆ ಸಿಕ್ಕಿದ್ದು ಕಳೆದರೆ ಕಟ್ಟಬೇಕಾದದ್ದು ಇದಕ್ಕಿಂತ ಎಷ್ಟೋ ಕಡಿಮೆ, ನಿಜ. ಆದರೆ ಆ ಪುಕ್ಕಟೆ ಪಾಲೂ ಸವೆಯುತ್ತಾ ಹೋಗುತ್ತದೆ.

ಇಷ್ಟಕ್ಕೇ ನನ್ನ ತಕರಾರಿಲ್ಲ. ಹೊಗೆ ಬಿಡುವವರು ದುಡ್ಡು ಕಟ್ಟಲಿ. ತಕರಾರಿರೋದು ಈ ಬೆಲೆ ಒಂದು ಕಡೆ ನಿಲ್ಲದಿರುವುದರ ಬಗ್ಗೆ. 2024ರ ಫೆಬ್ರವರಿ ಹರಾಜಿನಲ್ಲಿ ಪರ್ಮಿಟ್ ಬೆಲೆ 41.76 ಡಾಲರ್. 2025ರ ಮೇ ತಿಂಗಳಲ್ಲಿ 25.87, ಅಂದರೆ ಸರ್ಕಾರವೇ ಕಟ್ಟಿದ ಕನಿಷ್ಠ ದರ. 2030ರ ನಂತರ ಈ ವ್ಯವಸ್ಥೆ ಇರುತ್ತೋ ಇಲ್ಲವೋ ಅನ್ನುವುದೇ ಆಗ ಖಾತ್ರಿ ಇರಲಿಲ್ಲ. ಇದೇ ಹೊತ್ತಿಗೆ ನಮ್ಮ ಎಂಜಿನಿಯರುಗಳು ಒಂದು ಪ್ರಸ್ತಾಪ ತಂದರು: ಗ್ಯಾಸ್ ಸುಟ್ಟು ಹೊಸ ಹಬೆ ಮಾಡುವ ಬದಲು, ಹೊರಬೀಳುವ ಹಬೆಯನ್ನೇ ಕರೆಂಟಿನ ಕಂಪ್ರೆಸರ್‌ನಿಂದ ಒತ್ತಿ ಮತ್ತೆ ಬಳಸುವ ಯಂತ್ರ. ಪರ್ಮಿಟ್ ಬೆಲೆ 42 ಡಾಲರ್ ಎಂದಿಟ್ಟು ಲೆಕ್ಕ ಹಾಕಿದರೆ ಹಾಕಿದ ಬಂಡವಾಳ ವಾಪಸ್ ಬರುತ್ತೆ, 26 ಇಟ್ಟರೆ ಬರಲ್ಲ. ಇಲ್ಲಿನ ಕರೆಂಟಿನ ದರವಂತೂ ಕೇಳಲೇಬೇಡಿ. ಇಪ್ಪತ್ತು ವರ್ಷ ಬಾಳುವ ಯಂತ್ರವನ್ನು ಹದಿನೈದು ತಿಂಗಳಲ್ಲಿ ಇಷ್ಟು ಕುಸಿಯುವ ಬೆಲೆ ನಂಬಿ ಯಾರು ಕೊಳ್ಳುತ್ತಾರೆ? ಫೈಲು ಪಕ್ಕಕ್ಕೆ ಹೋಯಿತು. ಇಂಗಾಲ ಕಡಿಮೆ ಮಾಡಲೆಂದೇ ಬಂದ ಕಾನೂನು, ಇಂಗಾಲ ಕಡಿಮೆ ಮಾಡುವ ಯಂತ್ರಕ್ಕೇ ಅಡ್ಡ ನಿಂತಿತು.

ಬಿಡಬಹುದಾದ ಇಂಗಾಲದ ಟನ್ನುಗಳನ್ನು ಬಿಗಿಹಿಡಿದರೆ ಪರ್ಮಿಟ್ ಬೆಲೆ ಕುಣಿಯುತ್ತದೆ. ಇದು ಇದರ ಹುಟ್ಟುಗುಣ. ಟನ್ ಇಂಗಾಲಕ್ಕೆ ಇಷ್ಟೆಂದು ನೇರವಾಗಿ ತೆರಿಗೆ ಹಾಕಿದ್ದರೆ ದರವಾದರೂ ಮೊದಲೇ ಗೊತ್ತಿರುತ್ತಿತ್ತು.

ಇನ್ನು ಪೈಪೋಟಿ. ಚೀನಾದಿಂದ ಬರುವ ಪೇಸ್ಟ್ ಡ್ರಮ್ಮಿಗೆ ಕ್ಯಾಲಿಫೋರ್ನಿಯಾದ ಪರ್ಮಿಟ್ ಬೇಕಿಲ್ಲ. ಕೆಚಪ್ ಮಾಡುವವನು ಪೌಂಡಿಗೆ ಒಂದು ಸೆಂಟ್ ಉಳಿದರೂ ಅತ್ತ ತಿರುಗುತ್ತಾನೆ. ಆಗ ನಮ್ಮ ಚಿಮಣಿಯ ಹೊಗೆ ಕಡಿಮೆಯಾಯಿತೆಂದು ಸರ್ಕಾರ ಬರೆದುಕೊಳ್ಳಬಹುದು; ಕೆಲಸ ಹೋಗುವುದು ಇಲ್ಲಿ, ಹೊಗೆ ಏಳುವುದು ಅಲ್ಲಿ. ಪುಕ್ಕಟೆ ಪರ್ಮಿಟ್ ಕೊಡುವುದೇ ಇದನ್ನು ತಡೆಯಲು. ಜೊತೆಗೆ ಕಾಗದಪತ್ರದ ಕಾಟ. ಹೊರಗಿನ ತಪಾಸಣೆಗಾರರಿಂದ ಲೆಕ್ಕ ಪರಿಶೀಲನೆ ಮುಗಿಸಲು ಗಡುವು ಆಗಸ್ಟ್ 10, ಸೀಸನ್ನಿನ ನಟ್ಟನಡುವೆ! ಈ ದಿನಾಂಕ ಗೊತ್ತುಮಾಡಿದವರು ಟೊಮೆಟೊ ಲಾರಿ ನೋಡಿರಲಿಕ್ಕಿಲ್ಲ.

ಲಾರಿ ಎಂದಾಗ ನೆನಪಾಯಿತು. ನಮ್ಮಲ್ಲಿಗೆ ಬರುವ ಡ್ರೈವರುಗಳಲ್ಲಿ ಪಂಜಾಬಿಗಳು ಬಹಳ. ಡೀಸೆಲ್ ರೇಟ್ ಯಾಕೆ ಹೀಗೆ ಅಂತ ಒಬ್ಬರು ಸರ್ದಾರ್ಜಿ ಕೇಳಿದಾಗ ತೂಕದ ಚೀಟಿಯ ಹಿಂದೆ ಲೆಕ್ಕ ಬರೆದು ತೋರಿಸಿದೆ. ಒಂದು ಗ್ಯಾಲನ್ ಡೀಸೆಲ್ ಸುಟ್ಟರೆ ಹತ್ತು ಕಿಲೋ ಇಂಗಾಲದ ಡೈಆಕ್ಸೈಡ್. ಟನ್ನಿಗೆ 30 ಡಾಲರ್ ಎಂದರೆ ಗ್ಯಾಲನ್ನಿಗೆ 30 ಸೆಂಟ್. 2015ರಿಂದ ವಾಹನದ ಇಂಧನವೂ ಈ ಪರ್ಮಿಟ್ ವ್ಯವಸ್ಥೆಯೊಳಗೆ ಸೇರಿದೆ, ಆದರೆ ಬಂಕಿನ ರಸೀದಿಯಲ್ಲಿ ಈ ಬಾಬ್ತು ಕಾಣುವುದಿಲ್ಲ. "ಹದಿನೈದು ವರ್ಷದಿಂದ ಗಾಡಿ ಓಡಿಸ್ತಿದ್ದೀನಿ, ಒಬ್ಬರೂ ಹೇಳಿರಲಿಲ್ಲವಲ್ಲ ಭಾಯಿಸಾಬ್" ಅಂದರು.

ಜನರಿಗೆ ಸ್ವಲ್ಪ ವಾಪಸ್ ಕೊಡುವುದೇನೋ ಉಂಟು. ವರ್ಷಕ್ಕೆ ಒಂದೆರಡು ಸಲ ಕರೆಂಟ್ ಬಿಲ್ಲಿನಲ್ಲಿ ಕ್ಲೈಮೇಟ್ ಕ್ರೆಡಿಟ್ ಎಂದು ಒಂದಿಷ್ಟು ಕಳೆಯುತ್ತಾರೆ. ಕ್ಯುಪರ್ಟಿನೊದಲ್ಲಿ ಟೆಸ್ಲಾ ಓಡಿಸುವ ನನ್ನ ಗೆಳೆಯನಿಗೂ, ಲಾಸ್ ಬ್ಯಾನೋಸ್‌ನಿಂದ ಹಳೆ ಪಿಕಪ್‌ನಲ್ಲಿ ಶಿಫ್ಟಿಗೆ ಬರುವ ನಮ್ಮ ಬಾಯ್ಲರ್ ಆಪರೇಟರಿಗೂ ಸಿಗುವುದು ಒಂದೇ ಮೊತ್ತ. ಗೆಳೆಯ ಬಂಕಿನ ಮುಖ ನೋಡುವುದಿಲ್ಲ. ಆಪರೇಟರಿಗೆ ಬೇರೆ ದಾರಿಯಿಲ್ಲ, ಕೆಲಸದ ಹತ್ತಿರ ಬಾಡಿಗೆಗೆ ಮನೆ ಸಿಗುವುದಿಲ್ಲ. ಹರಾಜಿನ ಹಣದಲ್ಲಿ ದೊಡ್ಡ ಪಾಲು ಹೈಸ್ಪೀಡ್ ರೈಲಿಗೆ. 2008ರಲ್ಲಿ ಜನ ವೋಟು ಹಾಕಿ ಒಪ್ಪಿದ ಯೋಜನೆ ಅದು. ಫ್ರೆಸ್ನೊದಲ್ಲಿ ಹೈವೇ 99ರ ಮೇಲೆ ಸೇತುವೆ ಎದ್ದಿದೆ, ರೈಲು ಇನ್ನೂ ಬಂದಿಲ್ಲ.

ಇಂಗಾಲ ಇಳಿಸುವಲ್ಲಿ 2020ಕ್ಕೆ ಮುಟ್ಟಬೇಕಿದ್ದ ಗುರಿಯನ್ನು ರಾಜ್ಯ 2016ರಲ್ಲೇ ಮುಟ್ಟಿತು ಎಂಬುದನ್ನೂ ಹೇಳಬೇಕು. ಆದರೆ ಅದರಲ್ಲಿ ಸೋಲಾರ್, ಗಾಳಿ ವಿದ್ಯುತ್ ಕಡ್ಡಾಯ ಮಾಡಿದ ಬೇರೆ ಕಾನೂನುಗಳ ಪಾಲು ದೊಡ್ಡದು.

ಕೆನಡಾದ ಬ್ರಿಟಿಷ್ ಕೊಲಂಬಿಯಾ 2008ರಲ್ಲೇ ನೇರ ಇಂಗಾಲ ತೆರಿಗೆ ಹಾಕಿತ್ತು. ದರ ಎಲ್ಲರಿಗೂ ಗೊತ್ತಿತ್ತು, ಬೈಗುಳವೂ ನೇರವಾಗಿಯೇ ಬಿತ್ತು. 2025ರ ಏಪ್ರಿಲ್ 1ಕ್ಕೆ ಸಾಮಾನ್ಯ ಗ್ರಾಹಕರ ಮೇಲಿದ್ದ ಆ ತೆರಿಗೆ ರದ್ದಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗವರ್ನರ್ ನ್ಯೂಸಮ್ ಇಲ್ಲಿನ ವ್ಯವಸ್ಥೆಯನ್ನು ಕ್ಯಾಪ್ ಅಂಡ್ ಇನ್ವೆಸ್ಟ್ ಎಂಬ ಹೊಸ ಹೆಸರಿನಲ್ಲಿ 2045ರವರೆಗೆ ವಿಸ್ತರಿಸಿ ಸಹಿ ಹಾಕಿದರು. ಸರ್ದಾರ್ಜಿಯಂಥವರಿಗೆ ಗೊತ್ತೇ ಇಲ್ಲದ 30 ಸೆಂಟಿನ ಮೇಲೆ ಅವರು ಸಿಟ್ಟಾಗುವುದಾದರೂ ಹೇಗೆ? ರಾಜಕಾರಣಿಗಳಿಗೆ ತೆರಿಗೆಗಿಂತ ಈ ಪರ್ಮಿಟ್ ವ್ಯವಸ್ಥೆ ಹಿಡಿಸುವುದು ಅದಕ್ಕೇ ಅಂತ ನನ್ನ ಗುಮಾನಿ.

ಕಾನೂನು ಗಟ್ಟಿಯಾದ ಮೇಲೆ ಎಂಜಿನಿಯರುಗಳು ಆ ಹಬೆ ಯಂತ್ರದ ಫೈಲು ಮತ್ತೆ ತಂದಿದ್ದಾರೆ. ಕನಿಷ್ಠ, ಮಧ್ಯಮ, ಗರಿಷ್ಠ ಅಂತ ಪರ್ಮಿಟ್‌ಗೆ ಮೂರು ಬೆಲೆ ಇಟ್ಟು ಮೂರು ಶೀಟ್ ಮಾಡಿಕೊಟ್ಟೆ. ಯಾವುದನ್ನು ಮ್ಯಾನೇಜ್‌ಮೆಂಟಿಗೆ ತೋರಿಸೋಣ ಅಂತ ನನ್ನನ್ನೇ ಕೇಳುತ್ತಿದ್ದಾರೆ.