ಹದಿನಾಲ್ಕನೇ ಹರಳು

ಅಜ್ಜಿಯ ಏಳು ಹರಳಿನ ವಜ್ರದ ಓಲೆ ನನ್ನ ಕೈಗೆ ಬಂದಾಗ ಎಡಗಿವಿಯದರಲ್ಲಿ ಏಳಿತ್ತು, ಬಲಗಿವಿಯದರಲ್ಲಿ ಆರು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ಉದುರಿಹೋಯಿತಂತೆ. ಬಚ್ಚಲಿನ ಮೋರಿ ಪೂರ್ತಿ ಬಳಿದು ಸೋಸಿದರೂ ಸಿಗಲಿಲ್ಲವಂತೆ. ಅಮ್ಮ ಆ ಜೋಡಿಯನ್ನು ಹಾಗೇ ಒಂದು ಪೌಡರ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಜೊತೆಗೆ ಒಂದು ಚೀಟಿ: 'ಹರಳು 10 ಸೆಂಟ್.' ಚಿಕ್ಕಪ್ಪನ ಮಗಳ ಮದುವೆಗೆ ಹಾಕಿಕೊಳ್ಳೋಣ ಅಂತ ಹೊರಗೆ ತೆಗೆದೆ. ಒಂದೇ ಒಂದು ಹರಳು ತಾನೇ, ಎಷ್ಟು ಹೊತ್ತಿನ ಕೆಲಸ ಅಂದುಕೊಂಡೆ. ನಾಲ್ಕು ತಿಂಗಳು ಹಿಡಿಯಿತು.

ಮೊದಲು ಹೋಗಿದ್ದು ಒಂದು ದೊಡ್ಡ ಶೋರೂಮಿಗೆ. ಅಲ್ಲಿನ ಹುಡುಗ ಚೆನ್ನಾಗಿಯೇ ವಿವರಿಸಿದ. ಬಣ್ಣಕ್ಕೆ ಡಿಯಿಂದ ಝಡ್‌ವರೆಗೆ ಅಕ್ಷರ. ಡಿ ಅಂದರೆ ಬಣ್ಣವೇ ಇಲ್ಲದ್ದು, ಕೆಳಗಿಳಿದ ಹಾಗೆ ಹಳದಿ ಜಾಸ್ತಿ. ಒಳಗಿನ ಚುಕ್ಕೆ ಗೆರೆಗಳಿಗೆ ವಿವಿಎಸ್, ವಿಎಸ್, ಎಸ್‌ಐ ಅಂತ ಬೇರೆ ಮೆಟ್ಟಿಲು. ತೂಕಕ್ಕೆ ಕ್ಯಾರೆಟ್, ಅಂದರೆ 0.2 ಗ್ರಾಂ. ಅದರ ನೂರರಲ್ಲಿ ಒಂದು ಪಾಲು ಸೆಂಟ್. (ಮಂಗಳೂರಿನವರು ಜಾಗ ಅಳೆಯುವ ಸೆಂಟ್ ಅಲ್ಲ. ಬಂಗಾರದ 22 ಕ್ಯಾರೆಟ್ಟೂ ಬೇರೆ.) ನಾನು ಬ್ಯಾಂಕಿನ ಕ್ಯಾಶ್ ಕೌಂಟರಿನವಳು. ಪಟ್ಟಿ ಕೊಟ್ಟರೆ ಮೇಲಿನ ಸಾಲೇ ಒಳ್ಳೆಯದು ಅಂತ ಮನಸ್ಸು ಹೇಳುತ್ತೆ. ಎಫ್ ಬಣ್ಣ, ವಿವಿಎಸ್, ಹತ್ತು ಸೆಂಟ್. ಅಜ್ಜಿಯ ಓಲೆಗೆ ಕಡಿಮೆಯದು ಯಾಕೆ ಅಂತ ದುಡ್ಡು ಕಟ್ಟಿ ಬಂದೆ.

ಹರಳು ಕೂರಿಸಿ ಕೊಟ್ಟ ದಿನ ಅಮ್ಮ ಓಲೆಯನ್ನು ಕಿಟಕಿಗೆ ಹಿಡಿದು ನೋಡಿದಳು. "ಇದೊಂದು ಬೇರೆ ಮನೆಯಿಂದ ಬಂದ ಹಾಗಿದೆ ಅಲ್ವಾ?" ಅಂದಳು. ನಿಜ. ಹಳೇ ಬಲ್ಬುಗಳ ಸಾಲಿನಲ್ಲಿ ಒಂದು ಟ್ಯೂಬ್‌ಲೈಟ್ ಹಾಕಿದ ಹಾಗೆ ಕಾಣುತ್ತಿತ್ತು. ಅಷ್ಟೇ ಅಲ್ಲ, ಪಕ್ಕದವಕ್ಕಿಂತ ಕೂದಲೆಳೆಯಷ್ಟು ಅಗಲ ಬೇರೆ. ತೂಕ ಒಂದೇ, ಅಗಲ ಹೇಗೆ ಬೇರೆ?

ಮೈಸೂರಿನ ಅಶೋಕ ರಸ್ತೆಯ ಹಿಂದಿನ ಒಂದು ಗಲ್ಲಿಯಲ್ಲಿ ವಯಸ್ಸಾದ ಶೆಟ್ಟರೊಬ್ಬರ ಚಿಕ್ಕ ಅಂಗಡಿ ಇದೆ. ಅಲ್ಲಿ ಉತ್ತರ ಸಿಕ್ಕಿತು. ಅವರು ಓಲೆ ನೋಡುವುದಕ್ಕೆ ಮೊದಲು ತೊಳೆದರು. ಬಿಸಿನೀರು, ಅಂಟುವಾಳದ ನೊರೆ, ಸವೆದ ಹಲ್ಲುಜ್ಜುವ ಬ್ರಷ್ಷು. ಅದರ ಹಿಂಬದಿಯಿಂದ ಬಂದ ಕೊಳೆ ನೋಡಿ ನನಗೇ ನಾಚಿಕೆಯಾಯಿತು. ವಜ್ರಕ್ಕೆ ನೀರು ಅಂಟುವುದಿಲ್ಲ, ಜಿಡ್ಡು ಮಾತ್ರ ಬಿಡದೆ ಅಂಟುತ್ತದಂತೆ. ದಕ್ಷಿಣ ಆಫ್ರಿಕಾದ ಕಿಂಬರ್ಲಿ ಗಣಿಯಲ್ಲಿ ಗ್ರೀಸು ಬಳಿದ ಮೇಜಿನ ಮೇಲೆ ಪುಡಿಕಲ್ಲನ್ನು ನೀರಿನ ಜೊತೆ ಹರಿಸಿ, ಅಂಟಿಕೊಂಡ ವಜ್ರವನ್ನು ಮಾತ್ರ ಆರಿಸುತ್ತಿದ್ದರು. ಅಜ್ಜಿಯ ಎಣ್ಣೆನೀರಿನ ಸ್ನಾನಗಳೂ ಅದೇ ಕೆಲಸ ಮಾಡಿದ್ದವು. ತೊಳೆದ ಮೇಲೆ ಅರ್ಧ ಹಳದಿ ಹೋಯಿತು. ಇನ್ನರ್ಧ ಹರಳಿನದೇ.

ಆಮೇಲೆ ಲೆನ್ಸ್ ನನ್ನ ಕೈಗೆ ಕೊಟ್ಟರು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು. "ನಡುವೆ ಏನು ಕಾಣುತ್ತಮ್ಮ?" ಹಳೆಯ ಹರಳುಗಳ ಮಧ್ಯೆ ಸೂಜಿಯಲ್ಲಿ ಚುಚ್ಚಿದ ಹಾಗೆ ಒಂದೊಂದು ದುಂಡು ಕಿಂಡಿ. ಹೊಸದರಲ್ಲಿ ಇಲ್ಲ. ಹಳೇ ಕಟಿಂಗಿನಲ್ಲಿ ಹರಳಿನ ಅಡಿಯ ಮೊನೆಯನ್ನು ಸ್ವಲ್ಪ ಕತ್ತರಿಸಿ ಚಪ್ಪಟೆ ಬಿಡುತ್ತಿದ್ದರು, ಅದು ಮೇಲಿನಿಂದ ಕಿಂಡಿಯ ಹಾಗೆ ಕಾಣುತ್ತೆ. ಆ ಹರಳುಗಳು ಗುಂಡುಗುಂಡಾಗಿ ಆಳ ಜಾಸ್ತಿ. ತೂಕವೆಲ್ಲ ಹೊಟ್ಟೆಯಲ್ಲಿ. ಹಾಗಾಗಿ ಅದೇ ಹತ್ತು ಸೆಂಟಿಗೆ ಹೊಸ ಕಟಿಂಗಿನದು ಅಗಲವಾಗಿ ಕಾಣುತ್ತೆ. ಜೋಡಿ ಹುಡುಕುವಾಗ ಸೆಂಟ್ ಹೇಳಬೇಡಿ, ಮಿಲಿಮೀಟರ್ ಹೇಳಿ ಅಂದರು. ಚೀಟಿ ನಂಬಿ ಕೆಟ್ಟಿದ್ದೆ ನಾನು.

ಬಣ್ಣಕ್ಕೆ ಅವರು ಅಂಗಡಿಯ ಝಗಮಗ ದೀಪ ಆರಿಸಿದರು. ಬಿಳಿ ಕಾರ್ಡನ್ನು ಮಡಚಿ, ಆ ಮಡಿಕೆಯಲ್ಲಿ ಎಫ್ ಹರಳನ್ನೂ ಅಜ್ಜಿಯದೊಂದನ್ನೂ ಬಿಚ್ಚಿ ಬೋರಲು ಹಾಕಿ, ಬಾಗಿಲ ಹತ್ತಿರ ಹಿಡಿದರು. ಮೇಲ್ಮುಖದಲ್ಲಿ ಮಿಂಚೇ ಬಣ್ಣವನ್ನು ಮುಚ್ಚಿಬಿಡುತ್ತೆ, ಬೋರಲು ಹಾಕಿದರೆ ಗುಟ್ಟು ಬಯಲು. ಅಜ್ಜಿಯದು ತೆಳು ಮಜ್ಜಿಗೆಗೆ ಚಿಟಿಕೆ ಅರಿಶಿನ ಹಾಕಿದಷ್ಟು ಹಳದಿ. ಜೆ ಅಥವಾ ಕೆ ಇರಬಹುದು ಅಂದರು.

ನನಗೆ ಬೇಜಾರಾಯಿತು. "ಇವು ನೀಲಿ ಹೊಡೆಯುವ ವಜ್ರ, ಬ್ಲೂ ಜಾಗರ್ ಅಂತಿದ್ದರಲ್ಲ ಶೆಟ್ಟರೇ, ಅಜ್ಜಿ?" ಅವರು ನಕ್ಕು ಗಲ್ಲಾಪೆಟ್ಟಿಗೆ ಪಕ್ಕದಿಂದ ನೋಟು ನೋಡುವ ನೇರಳೆ ದೀಪ ಎಳೆದರು. ದಿನಾ ನನ್ನ ಮುಂದೆ ಇರುವ ದೀಪವೇ. ಕೆಳಗಿಟ್ಟ ತಕ್ಷಣ ಹಳೆಯ ಹರಳುಗಳು ಗ್ಯಾಸ್ ಒಲೆಯ ಉರಿಯ ಹಾಗೆ ನೀಲಿಯಾಗಿ ಹೊಳೆದವು. ಎಫ್ ಹರಳು ಕತ್ತಲಾಗಿ ಕೂತಿತ್ತು. ಬಿಸಿಲಿನಲ್ಲೂ ಇಂಥ ಕಿರಣ ಇರುವುದರಿಂದ ಆ ನೀಲಿ ಹಳದಿಯನ್ನು ಅಡಗಿಸುತ್ತೆ. ಅಜ್ಜಿ ದೇವಸ್ಥಾನದ ಅಂಗಳದಲ್ಲಿ ನಿಂತರೆ ಓಲೆ ಬೆಳ್ಳಗೆ ನೀಲಿ ಹೊಡೆಯುತ್ತಿದ್ದದ್ದು ಸುಳ್ಳಲ್ಲ. ಬ್ಲೂ ಜಾಗರ್ ಅನ್ನುವ ಹೆಸರು ಬಂದದ್ದು ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೇನ್ ಗಣಿಯಿಂದ. ಆ ಗಣಿ 1971ರಲ್ಲೇ ಮುಚ್ಚಿತು. ಈಗ ಅಂಗಡಿಯಲ್ಲಿ ಆ ಹೆಸರು ಕೇಳಿದರೆ ಊರಿನ ಹೆಸರಲ್ಲ, ಬಣ್ಣದ ಹೊಗಳಿಕೆ ಅಂದುಕೊಳ್ಳುವುದು ಕ್ಷೇಮ.

ಆಮೇಲೆ ಹುಡುಕಾಟ. ಶೆಟ್ಟರು ಮೂರು ಸಲ ಪೊಟ್ಟಣ ತರಿಸಿ ಮೂರು ಸಲ ವಾಪಸ್ ಕಳಿಸಿದರು. ಬಣ್ಣ ಸರಿ ಇದ್ದರೆ ನೀಲಿ ಇಲ್ಲ, ನೀಲಿ ಇದ್ದರೆ ಕಟಿಂಗ್ ಹೊಸದು. ಲ್ಯಾಬಿನಲ್ಲಿ ಬೆಳೆಸಿದ್ದು ಹಾಕಬಹುದಾ ಅಂತ ಒಮ್ಮೆ ಕೇಳಿದೆ. "ಅದೂ ವಜ್ರವೇ ಅಮ್ಮ. ಆದರೆ ಬಿಲ್ಲಿನಲ್ಲಿ ಹಾಗಂತ ಬರೆಸಿಕೊಳ್ಳಬೇಕು. ನನ್ನ ಲೆನ್ಸಿಗೆ ವ್ಯತ್ಯಾಸ ಗೊತ್ತಾಗಲ್ಲ," ಅಂದರು. ಒಡವೆಯ ಹಾಲ್‌ಮಾರ್ಕ್ ಬಂಗಾರದ ಶುದ್ಧತೆಯನ್ನಷ್ಟೇ ಹೇಳುತ್ತೆ, ಹರಳಿನ ಬಗ್ಗೆ ಅದು ಏನೂ ಹೇಳುವುದಿಲ್ಲ ಅನ್ನುವುದೂ ಆಗಲೇ ತಲೆಗೆ ಹೋಗಿದ್ದು.

ಕೊನೆಗೆ ಸಿಕ್ಕಿದ್ದು ಯಾರೋ ಮುರಿಸಿದ ಹಳೇ ಬೇಸರಿ ಮೂಗುತಿಯ ಒಂದು ಹರಳು. ಕಿಂಡಿ ಇದೆ, ನೀಲಿ ಇದೆ, ಹಳದಿಯೂ ಇದೆ. ಎಫ್ ಹರಳಿಗಿಂತ ಎಷ್ಟೋ ಅಗ್ಗ. ಒಳಗೊಂದು ಕಪ್ಪು ಚುಕ್ಕೆ. ಬರಿಗಣ್ಣಿಗೆ ಕಾಣದು. ಶೆಟ್ಟರು ಚುಕ್ಕೆಗೆ ತಲೆಕೆಡಿಸಿಕೊಳ್ಳಲಿಲ್ಲ. ಅಂಚಿನಲ್ಲಿ ಬಿರುಕು ಇದೆಯಾ ಅಂತಲೇ ತಿರುಗಿಸಿ ತಿರುಗಿಸಿ ನೋಡಿದರು. ಬಂಗಾರದ ತುದಿಯನ್ನು ಒತ್ತಿ ಕೂರಿಸುವಾಗ ಅಂಚು ಚಕ್ಕೆ ಏಳಬಹುದು. ಗಟ್ಟಿ ಅಂತ ಹೆಸರಾದ ವಜ್ರವೂ ಒಡೆಯುತ್ತೆ.

ಚುಕ್ಕೆಗೆ ತಲೆಕೆಡಿಸಿಕೊಂಡವಳು ಅಮ್ಮ. ಕಾಗೆಯ ಕಾಲಿನಂಥ ಕಪ್ಪು ಗುರುತು, ಕಾಕಪಾದ ದೋಷ, ಇದ್ದರೆ ಮನೆಗೆ ಆಗಿಬರಲ್ಲ ಅಂತ ಪೊಟ್ಟಣವನ್ನು ಮೂರು ರಾತ್ರಿ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದಳು. ಶೆಟ್ಟರು ಇದಕ್ಕೆಲ್ಲ ಬೇಡ ಅನ್ನುವವರಲ್ಲ. ನಾಲ್ಕನೇ ದಿನ ಬೆಳಗ್ಗೆ ಕಾಫಿ ಕುಡಿಯುತ್ತಾ, "ನಿದ್ದೆ ಚೆನ್ನಾಗಿ ಬಂತು, ಕೂರಿಸೋಕೆ ಹೇಳು," ಅಂದಳು.

ಎಫ್ ಹರಳು ಈಗ ಬೀರುವಿನಲ್ಲಿ ಪೊಟ್ಟಣದೊಳಗಿದೆ. ಒಂಟಿ ಹರಳಿನ ಮೂಗುಬೊಟ್ಟಿಗೆ ಹೇಳಿ ಮಾಡಿಸಿದ ಹಾಗಿದೆ, ಪಕ್ಕದಲ್ಲಿ ಹೋಲಿಸೋಕೆ ಯಾರೂ ಇರಲ್ಲವಲ್ಲ ಅಂದರು ಶೆಟ್ಟರು. ನಲವತ್ತೆರಡನೇ ವಯಸ್ಸಿನಲ್ಲಿ ಮೂಗು ಚುಚ್ಚಿಸಿಕೊಳ್ಳೋಕೆ ನನಗೆ ಧೈರ್ಯ ಬರಬೇಕಷ್ಟೆ.